ಅತ್ತೆಯ ಮಂಚ ಸರಿಸಿ ಮೇಜು ಹಾಕಿದ ವರ್ಷ

ಹೋದ ವಾರ ನಾದಿನಿಯ ಮನೆಗೆಂದು ಕೊಂಕಲ್‌ಗೆ ಹೋಗಿದ್ದೆ. ಬಸ್ಸಿಳಿದು ಹೊಲದ ದಾರಿ ಹಿಡಿದರೆ ಪಕ್ಕದ ಎರೆಹೊಲಕ್ಕೆ ಆಗಷ್ಟೇ ನೀರು ಬಿಟ್ಟಿದ್ದರು. ಬೇಸಿಗೆಯುದ್ದಕ್ಕೂ ಬಾಯಿ ಬಿಟ್ಟುಕೊಂಡಿದ್ದ ಕರಿಮಣ್ಣು ಮೊದಲ ನೀರು ಕುಡಿಯುವಾಗ ಒಂದು ವಾಸನೆ ಏಳುತ್ತದೆ. ಮಳೆಯ ವಾಸನೆಯಲ್ಲ ಅದು. ಹಳೆಯ ಹತ್ತಿಕಡ್ಡಿ, ಕೆಸರು, ಬಿಸಿಲಿಗೆ ಕಾದ ಕಲ್ಲು ಎಲ್ಲ ಕೂಡಿದ ಒಂದು ಗಟ್ಟಿ ವಾಸನೆ. ಅದು ಮೂಗಿಗೆ ಬಡಿದದ್ದೇ ನಾನು ನಿಂತಲ್ಲೇ ನಿಂತೆ. ಬಲಗೈಯ ಕಿರುಬೆರಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದೆ.

“ಯಾಕ ಅತ್ತಿಗಿ, ಬೆರಳಿಗೆ ಏನರ ಚುಚ್ಚಿತೇನು?” ನಾದಿನಿ ಕೇಳಿದಳು.

“ಏನಿಲ್ಲ, ನಡಿ” ಅಂದೆ.

ಬೆರಳಿಗೆ ಮುಟ್ಟಿದ್ದು ಗೊತ್ತಾಗುತ್ತದೋ ಇಲ್ಲವೋ ಎಂದು ಹೀಗೆ ಒತ್ತಿ ನೋಡುವ ಚಟ ನನಗೆ ಹತ್ತಿದ್ದು ಆ ಒಂದು ವರ್ಷ. ಕಾಲುವೆಗೆ ನೀರು ಬಿಡುವುದರೊಳಗೆ ನಕಾಶೆ ಮುಗಿಸಬೇಕೆಂದು ನಾನು ಒದ್ದಾಡಿದ ವರ್ಷ ಅದು.

ನನ್ನ ತವರು ಸುರಪುರ. ಸಿವಿಲ್ ಡಿಪ್ಲೊಮಾ ಮುಗಿದ ಬೆನ್ನಿಗೇ ಮದುವೆಯಾಗಿ ಶಹಾಪುರಕ್ಕೆ ಬಂದೆ. ಗುಡ್ಡದ ಬುಡದ ಓಣಿಯಲ್ಲಿ ಎರಡು ಖೋಲಿಯ ಮನೆ. ಗಂಡ ಶರಣು, ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದರು. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ ಸಾಬಮ್ಮ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಬಿದ್ದಿತ್ತು.

ಕೆಲವು ವರ್ಷಗಳ ಮೇಲೆ, ಜೊತೆಗೆ ಓದಿದ ಗೆಳತಿಯೊಬ್ಬಳ ಮೂಲಕ ಕಲಬುರಗಿಯ ಒಂದು ಸರ್ವೆ ಆಫೀಸಿನಿಂದ ಕೆಲಸ ಬಂತು. ಉಪಗ್ರಹದಿಂದ ತೆಗೆದ ಚಿತ್ರದ ಮೇಲೆ ಕಾಲುವೆ, ಅದರಿಂದ ಒಡೆಯುವ ಉಪಕಾಲುವೆಗಳು, ಹೊಲಕ್ಕೆ ನೀರು ಬಿಡುವ ತೂಬುಗಳು, ಇವನ್ನೆಲ್ಲ ಗುರುತಿಸಿ ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆಯಬೇಕು. ಲ್ಯಾಪ್‌ಟಾಪನ್ನು ಅವರೇ ಕೊಟ್ಟರು. ಮನೆಯಲ್ಲೇ ಕೂತು ಮಾಡಬಹುದು ಅಂದರು. ಮನೆಯಲ್ಲಿ ಎಲ್ಲಿ ಕೂತು ಎಂದು ಅವರು ಹೇಳಲಿಲ್ಲ, ನಾನೂ ಯೋಚಿಸಲಿಲ್ಲ. ಟ್ರಂಕಿನಿಂದ ಸರ್ಟಿಫಿಕೇಟು ತೆಗೆದು ಸೆರಗಿನಿಂದ ಒರೆಸಿದ್ದಷ್ಟೇ ನೆನಪು.

ಅಡುಗೆಮನೆಯ ಬಾಗಿಲಿನ ಹತ್ತಿರ ನೆಲದ ಮೇಲೆ ಕೂತು, ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ಪ್ಲಗ್ ಇದ್ದದ್ದು ಅಲ್ಲೇ. ಪರದೆ ಸಣ್ಣದು, ಅದರಲ್ಲಿ ಹೊಲಗಾಲುವೆಗಳು ಕೂದಲಿನಷ್ಟು ತೆಳ್ಳಗೆ ಕಾಣುತ್ತಿದ್ದವು. ಗೆರೆ ತಪ್ಪಿದರೆ ಒಬ್ಬರ ಹೊಲದ ನೀರು ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಹಾಗಾಗಿ ಗೋಣು ಬಗ್ಗಿಸಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದೆ. ಬೇಸಿಗೆ ಏರಿತು. ಗುಡ್ಡದ ಕಲ್ಲುಗಳು ಹಗಲೆಲ್ಲ ಕಾದು ಸಂಜೆಯೆಲ್ಲ ಓಣಿಯ ಮೇಲೆ ಕಾವು ಉಗುಳುತ್ತಿದ್ದವು. ಮೊದಲು ಕುತ್ತಿಗೆ ಹಿಡಿಯಿತು. ಆಮೇಲೆ ಬಲಭುಜದಿಂದ ಮೊಣಕೈವರೆಗೆ ಬಿಸಿ ತಂತಿ ಎಳೆದಂಥ ನೋವು. ಕೊನೆಗೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದು ಹಾಗೇ ಉಳಿದುಬಿಟ್ಟವು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಬಿಡು ಅನ್ನುತ್ತಾರೆಂದು ಗೊತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಿದ್ದೆ. ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಒಲೆಯಿಂದ ಆಗಷ್ಟೇ ಇಳಿಸಿದ ಬೇಳೆಯ ಬೋಗುಣಿ ನನ್ನ ಬಲಗೈಯಿಂದ ಜಾರಿತು. ಜಾರಿದ್ದು ನನಗೆ ಗೊತ್ತೇ ಆಗಲಿಲ್ಲ, ನೆಲಕ್ಕೆ ಬಿದ್ದ ಸದ್ದು ಕೇಳಿ ನೋಡಿದೆ. ಕುದಿಯುವ ಬೇಳೆ ಅತ್ತೆಯ ಪಾದದ ಮೇಲೆಲ್ಲ ಹರಿದಿತ್ತು.

ಅತ್ತೆ ಚೀರಲಿಲ್ಲ. ಕಾಲನ್ನೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಪಾದವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ತಣ್ಣೀರು ಸುರಿಯುತ್ತಿದ್ದಂತೆ ಚರ್ಮದ ಮೇಲೆ ಬೊಬ್ಬೆ ಎದ್ದವು.

“ದಿನಾ ಅದರಾಗ ತಲಿ ಇಟಗೊಂಡು ಕುಂತರ ಮತ್ತೇನಾಗ್ತದ” ಅಂದರು ಶರಣು. ದನಿ ಏರಿಸಲಿಲ್ಲ, ಅದಕ್ಕೇ ಇನ್ನೂ ಭಯವಾಯಿತು. “ಕೆಲಸಾ ಬಿಟ್ಟುಬಿಡು, ರೇಣು.”

“ಲಕ್ಷ್ಯ ಇರಲಾರದ್ದಕ್ಕ ಅಲ್ರಿ” ಅಂದೆ. “ಬೆರಳು ನನ್ನ ಮಾತು ಕೇಳಲ್ಲಾಗ್ಯಾವ.”

ಅಂದು ಮೊದಲ ಸಲ ಎಲ್ಲ ಹೇಳಿದೆ. ಶರಣು ಡಾಕ್ಟರಿಗೆ ತೋರಿಸೋಣ ಅಂದರು. ಅತ್ತೆ ಮಾತ್ರ ಆ ಹೊತ್ತಿನಿಂದ ನನ್ನ ಕೈಗಳನ್ನೇ ನೋಡತೊಡಗಿದರು. ಲೋಟ ಎತ್ತಿದರೆ ನೋಡುತ್ತಿದ್ದರು, ರೊಟ್ಟಿ ಬಡಿದರೆ ನೋಡುತ್ತಿದ್ದರು. ಅದು ಸಿಟ್ಟು ಎಂದೇ ನಾನು ತಿಳಿದೆ.

ಯಾದಗಿರಿಯ ಡಾಕ್ಟರು ಮಾತ್ರೆ ಬರೆದು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದವರು ಫರ್ಹಾನಾ ಮೇಡಂ, ನನಗಿಂತ ಸಣ್ಣವರು. ಕೈ ಮುಟ್ಟಿ ನೋಡುವ ಮೊದಲೇ, “ಮನ್ಯಾಗ ಹೆಂಗ ಕೂಡ್ತೀರಿ, ಹಂಗ ಇಲ್ಲೇ ಕೂತು ತೋರಸ್ರಿ” ಅಂದರು. ನೆಲದ ಮೇಲೆ ಕೂತು, ಒಂದು ದಪ್ಪ ಪುಸ್ತಕವನ್ನು ಲ್ಯಾಪ್‌ಟಾಪ್ ಎಂದುಕೊಂಡು ಬಗ್ಗಿದೆ. ಅವರು ಪಕ್ಕದಿಂದ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದರು. ಮೀನಿಗೆ ಕಾಯುವ ಕೊಕ್ಕರೆಯ ಹಾಗೆ ನನ್ನ ಗೋಣು ಮುಂದಕ್ಕೆ ಚಾಚಿತ್ತು.

“ತಲಿ ಮುಂದ ಬಂದಷ್ಟೂ ಗೋಣಿನ ಮ್ಯಾಲ ಭಾರ ಬೀಳ್ತದ. ನರ ಒತ್ತಲಾಕತ್ತದ. ಮಾತ್ರಿ ನೋವಷ್ಟೇ ಕಮ್ಮಿ ಮಾಡ್ತಾವ. ಕೂಡೋ ರೀತಿ ಬದಲಾಗಲಿಲ್ಲಂದ್ರ ಕೈಯಾಗಿನ ತಾಕತ್ತು ಹೋಗ್ತದ. ಹೋದದ್ದು ಪೂರಾ ವಾಪಸ್ ಬರ್ತದಂತ ನಾ ಹೇಳಂಗಿಲ್ಲ.”

“ಕೆಲಸಾ ಬಿಡಬೇಕೇನ್ರಿ?”

“ಕೆಲಸಾ ಯಾಕ ಬಿಡ್ತೀರಿ? ಜಾಗಾ ಸರಿ ಮಾಡ್ಕೊಳ್ರಿ.”

ಅವರು ಕುರ್ಚಿಯಲ್ಲಿ ಕೂತು ತಾವೇ ಮಾಡಿ ತೋರಿಸಿದರು. ಪರದೆಯ ಮೇಲಂಚು ಕಣ್ಣಿನ ಸಮಕ್ಕೆ ಬರಬೇಕು. ಕೈ ಚಾಚಿದರೆ ಬೆರಳ ತುದಿ ತಾಗುವಷ್ಟು ದೂರ ಇರಬೇಕು. ಮೊಣಕೈ ಪಕ್ಕೆಗೆ ಒರಗಿದ ಹಾಗೆ ಇದ್ದು ಕೀಬೋರ್ಡು ಅದರ ಮಟ್ಟಕ್ಕೆ ಬರಬೇಕು. ಬೆನ್ನಿಗೆ ಆಸರೆ, ಪಾದದ ಕೆಳಗೆ ಗಟ್ಟಿ ನೆಲ. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಗಳೂ ಒಂದಕ್ಕೊಂದು ಅಂಟಿಕೊಂಡಿವೆ, ಒಂದು ಸರಿಯಾದರೆ ಇನ್ನೊಂದು ತಪ್ಪುತ್ತದೆ. ಅದಕ್ಕೇ ಬೇರೆ ಮಾನಿಟರ್ ಇಟ್ಟುಕೊಳ್ಳಿ, ಬೇರೆ ಕೀಬೋರ್ಡು ಮೌಸು ಇಟ್ಟುಕೊಳ್ಳಿ ಅಂದರು. ನಿಮ್ಮ ಗೆರೆಗಳು ಸಣ್ಣವು, ದೊಡ್ಡ ಪರದೆಯಾದರೆ ಬಗ್ಗುವ ಕಾರಣವೇ ಇರುವುದಿಲ್ಲ ಎಂದೂ ಹೇಳಿದರು. “ಮತ್ತ ನಡುನಡುವೆ ಎದ್ದು ನಾಕು ಹೆಜ್ಜಿ ಹಾಕ್ರಿ. ಎಷ್ಟ್ ಚಲೋ ಕುರ್ಚಿ ಇದ್ರೂ ಅಷ್ಟೇ.”

ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಸರ್ವೆ ಆಫೀಸಿನ ಪಾಟೀಲ ಸರ್ ಫೋನ್ ಬಂತು.

“ಕಾಲುವಿಗೆ ನೀರು ಬಿಡೋದರೊಳಗ ನಕಾಶಿ ಕೈಯಾಗಿರಬೇಕವ್ವ. ಎಲ್ಲಿ ಹೂಳು ತೆಗೀಬೇಕು, ಯಾವ ತೂಬು ಕೆಟ್ಟಾದ ಅಂತ ಅದನ್ನ ಹಿಡಕೊಂಡೇ ತಿರುಗಾಡ್ತಾರ. ಕೊನೀ ಹೊಲದವರಿಗೆ ನೀರು ಮುಟ್ಟಲಿಲ್ಲಂದ್ರ ನಮ್ಮ ಮ್ಯಾಲೇ ಬರ್ತದ. ಆಗಲ್ಲಂದ್ರ ಈಗೇ ಹೇಳು, ಬ್ಯಾರೇದವರಿಗೆ ಕೊಡ್ತೀನಿ.”

ಬಲಗೈಯಲ್ಲಿ ಫೋನ್ ನಿಲ್ಲುತ್ತಿರಲಿಲ್ಲ. ಎಡಗೈಗೆ ಬದಲಿಸಿಕೊಂಡು, “ಆಗ್ತದ್ರಿ ಸರ್” ಅಂದೆ.

ಫರ್ಹಾನಾ ಅವರ ಮಾವ ಖಾಜಾ ಭಾಯಿಗೆ ಯಾದಗಿರಿ ಸ್ಟೇಷನ್ ಹತ್ತಿರ ಇಂಟರ್‌ನೆಟ್ ಅಂಗಡಿ ಇತ್ತು. ಎಲ್ಲರ ಕೈಗೂ ಫೋನ್ ಬಂದ ಮೇಲೆ ಯಾರೂ ಬರದೆ ಮುಚ್ಚುತ್ತಿದ್ದರು. ಮುಂದಿನ ಸಲ ಚಿಕಿತ್ಸೆಗೆ ಹೋದಾಗ ಅಲ್ಲಿಗೂ ಹೋದೆ. ಮೂಲೆಯಲ್ಲಿ ಮಾನಿಟರುಗಳು ಮುಖ ಗೋಡೆಗೆ ಮಾಡಿ ನಿಂತಿದ್ದವು. ಅವರು ಒಂದೊಂದಾಗಿ ಹಚ್ಚಿ ನೋಡಿದರು. ಒಂದು ಹಸಿರುಗಟ್ಟಿತ್ತು, ಒಂದರ ನಡುವೆ ಕರಿ ಪಟ್ಟಿ. ಕೊನೆಯದು ಚೊಕ್ಕವಾಗಿ ಬೆಳಗಿತು.

“ಇದು ತಗೋ ಬೇಟಿ. ಇದರಾಗ ಮಂದಿ ರಿಜಲ್ಟ್ ನೋಡಿ ನಕ್ಕಾರ, ಅತ್ತಾರ. ಇನ್ನ ನೀ ನಿನ್ನ ಕಾಲುವಿ ನೋಡು” ಅಂದರು. ಕೀಬೋರ್ಡು, ಮೌಸನ್ನೂ ಅವರೇ ಹುಡುಕಿ ಕೊಟ್ಟರು. ಮಾನಿಟರನ್ನು ನಾನು ತಂದಿದ್ದ ಕೌದಿಯಲ್ಲಿ ಸುತ್ತಿದರು.

ಶಹಾಪುರದ ಬಸ್ಸು ತುಂಬಿತ್ತು. ಕಿಟಕಿಯ ಸೀಟು ಸಿಕ್ಕಿತು, ಮಾನಿಟರನ್ನು ತೊಡೆಯ ಮೇಲೆ ನಿಲ್ಲಿಸಿ ತಬ್ಬಿಕೊಂಡೆ. ಭೀಮಾ ಸೇತುವೆ ಹತ್ತಿರ ಬರುತ್ತಲೇ ಮುಂಗಾರಿನ ಮೊದಲ ಹನಿಗಳು ಬಿದ್ದವು. ಕಿಟಕಿಯ ಗಾಜು ಸರಿಯಲಿಲ್ಲ, ಕೌದಿಯ ಅಂಚು ತೊಯ್ಯತೊಡಗಿತು. ನಿಂತವರು ಒಳಗೆ ಒತ್ತಿದರು. ಒಂದು ಚೀಲ ಬಂದು ಮಾನಿಟರಿನ ಬೆನ್ನಿಗೆ ಆನಿಕೊಂಡಿತು. ಅಷ್ಟರಲ್ಲಿ ಕೈ ಭುಜದವರೆಗೆ ಜೋಮು ಹಿಡಿಯಿತು. ಬೆರಳುಗಳು ಹಿಡಿದಿವೆಯೋ ಬಿಟ್ಟಿವೆಯೋ ತಿಳಿಯುತ್ತಿರಲಿಲ್ಲ. ಮತ್ತೆ ಮತ್ತೆ ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳುತ್ತ, ಬ್ರೇಕ್ ಹಾಕಿದಾಗಲೆಲ್ಲ ಎದೆಯಿಂದ ಒತ್ತಿ ಹಿಡಿಯುತ್ತ ಊರು ಮುಟ್ಟಿದೆ. ಬಸ್‌ಸ್ಟ್ಯಾಂಡಿನಲ್ಲಿ ಶರಣು ಬಂದು ಅದನ್ನು ಇಳಿಸಿಕೊಂಡ ಮೇಲೂ ತೋಳುಗಳು ಹಾಗೇ ಬಾಗಿಕೊಂಡಿದ್ದವು.

ಮಾನಿಟರ್ ಬಂತು. ಇಡುವುದೆಲ್ಲಿ? ಒಳಗಿನ ಖೋಲಿಗೆ ಕಿಟಕಿಯಿಲ್ಲ, ಅರ್ಧ ಅಡುಗೆಮನೆ, ಅರ್ಧ ಹಾಸಿಗೆ. ಹೊರಗಿನ ಖೋಲಿಯಲ್ಲಿ ಒಂದು ಕಡೆ ಬಾಗಿಲು, ಒಂದು ಕಡೆ ದೇವರ ಗೂಡು. ಉಳಿದದ್ದು ಕಿಟಕಿಯ ಪಕ್ಕ. ಬೆಳಕು ಬದಿಯಿಂದ ಬೀಳುವ ಜಾಗ, ಪರದೆಗೆ ಹೊಳಪು ಹೊಡೆಯದ ಜಾಗ, ಗಾಳಿ ಬರುವ ಜಾಗ. ಅಲ್ಲಿ ಅತ್ತೆಯ ಮಂಚವಿತ್ತು. ಮಾವ ಹೋದಂದಿನಿಂದ ಅವರು ಅದರ ಮೇಲೇ ಕೂತು ಕಿಟಕಿಯ ಸರಳು ಹಿಡಿದು ಓಣಿ ನೋಡುತ್ತಿದ್ದರು. ಅಲ್ಲಿ ಬೇರೆ ಯಾರೂ ಕೂಡುತ್ತಿರಲಿಲ್ಲ.

ಆ ದಿನಗಳಲ್ಲಿ ಅತ್ತೆ ಸೈದಾಪುರದ ತಂಗಿಯ ಮನೆಗೆ ಹೋಗಿದ್ದರು, ತಂಗಿಯ ಮೊಮ್ಮಗುವಿನ ಮೊದಲ ಕೂದಲು ತೆಗೆಸುವ ಜವಳಕ್ಕೆ.

“ಮಂಚ ಆ ಗ್ವಾಡಿಗೆ ಹಾಕಿದ್ರ ಆತು” ಅಂದರು ಶರಣು.

“ಅತ್ತಿ ಬರಲಿ, ಕೇಳೋಣು.”

“ಬಂದ ಮ್ಯಾಲ ಹೇಳಿದ್ರಾತು. ನೀರು ಬಿಡೋ ದಿನಾ ಹತ್ರ ಬಂತು, ನಿನ್ನ ಕೈ ಹಿಂಗ ಅದ. ಇನ್ಯಾವಾಗ ಕೇಳ್ತಿ?”

ಅಂಗಡಿಯಲ್ಲಿದ್ದ ಕಬ್ಬಿಣದ ಪಟ್ಟಿ ಕತ್ತರಿಸಿ, ಮೇಲೆ ಬೇವಿನ ಹಲಗೆ ಬಿಗಿದು ಅವರು ಮೇಜು ಮಾಡಿದರು. ಮೊದಲು ಎತ್ತರವಾಗಿ ಭುಜ ಮೇಲೇರಿತು. ಕಾಲು ಕತ್ತರಿಸಿ ಮತ್ತೆ ಕೂಡಿಸಿದರು. ಫರ್ಹಾನಾ ಹೇಳಿದಂತೆ ಪಕ್ಕದಿಂದ ಫೋಟೋ ತೆಗೆಯುತ್ತ ಸರಿಮಾಡುತ್ತ ಹೋದೆವು. ಮಾನಿಟರಿನ ಕೆಳಗೆ ಗೋಡೆ ರಿಪೇರಿಗೆಂದು ತಂದಿದ್ದ ಇಟ್ಟಿಗೆ ಇಟ್ಟು ಕಣ್ಣಿನ ಮಟ್ಟಕ್ಕೆ ತಂದೆವು. ಅಂಗಡಿಯಿಂದ ತಂದ ಕುರ್ಚಿಗೆ ಬೆನ್ನಿಟ್ಟರೆ ಪಾದ ನೆಲಕ್ಕೆ ಮುಟ್ಟಲಿಲ್ಲ, ಹಳೆಯ ಮಣೆಯನ್ನು ಪಾದದ ಕೆಳಗೆ ಇಟ್ಟುಕೊಂಡೆ. ವೋಲ್ಟೇಜು ಏರಿಳಿಯುವ ಓಣಿ ನಮ್ಮದು, ಶರಣು ಅಲ್ಲಿಗೆ ಹೊಸ ಪ್ಲಗ್ ಎಳೆದು ಸ್ಟೆಬಿಲೈಸರ್ ಕೂಡಿಸಿದರು.

ಎಲ್ಲ ಆದ ಮೇಲೆ ನೋಡಿದರೆ ಮಾನಿಟರಿನ ದಪ್ಪ ವಾಯರಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ತೂತೇ ಇಲ್ಲ. ಹಳೆಯದಕ್ಕೂ ಹೊಸದಕ್ಕೂ ನಡುವೆ ಕೂಡಿಸುವ ಒಂದು ಸಣ್ಣ ತುಂಡು ಬೇಕಂತೆ. ಶಹಾಪುರದಲ್ಲಿ ಸಿಗಲಿಲ್ಲ. ಕಲಬುರಗಿಯಿಂದ ಗುರುತಿನ ಕಂಡಕ್ಟರ್ ಕೈಯಲ್ಲಿ ತರಿಸಬೇಕಾಯಿತು. ಅದನ್ನು ಸಿಕ್ಕಿಸಿದರೂ ಪರದೆ ಕಪ್ಪಗೇ ಇತ್ತು. ಶರಣು ವಾಯರು ತೆಗೆದು ಊದಿ ಹಾಕಿದರು, ನಾನು ಲ್ಯಾಪ್‌ಟಾಪಿನ ಕೀಲಿಗಳನ್ನು ಒತ್ತುತ್ತ ಹೋದೆ. ಒಮ್ಮೆಲೇ ಪರದೆ ಬೆಳಗಿ ಕಾಲುವೆ ತೆರೆದುಕೊಂಡಿತು. ಬೆನ್ನು ಕುರ್ಚಿಗೆ ಒರಗಿಸಿಯೇ ಪ್ರತಿ ತೂಬು ಕಾಣುತ್ತಿತ್ತು. ಎಷ್ಟೋ ದಿನಗಳ ಮೇಲೆ ಉಸಿರು ಎದೆತುಂಬ ಹೋಯಿತು.

ಮರುದಿನ ಅತ್ತೆ ಬಂದರು. ಹೊಸ್ತಿಲಲ್ಲಿ ಚೀಲ ಹಿಡಿದು ನಿಂತು ಖೋಲಿಯನ್ನೆಲ್ಲ ನೋಡಿದರು.

“ನನ್ನ ಮಂಚ ಯಾರು ಸರಿಸಿದ್ರು?”

“ನಾನವ್ವ” ಅಂದರು ಶರಣು.

“ಕೇಳಬೇಕಿತ್ತು.”

ಅಷ್ಟೇ ಅಂದರು. ಹಾಸಿಗೆ ಸುತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಕಂಬಕ್ಕೆ ಒರಗಿ ಕೂತರು. ಶರಣು ಮಂಚವನ್ನು ಮತ್ತೆ ಮೊದಲಿನ ಜಾಗಕ್ಕೆ ತರುತ್ತೇನೆಂದರೂ ಒಳಗೆ ಬರಲಿಲ್ಲ. ಊಟವನ್ನು ಅಲ್ಲೇ ಇಸಿದುಕೊಂಡರು. ನನ್ನ ಜೊತೆ ಮಾತು ನಿಂತಿತು. ಓಣಿಯವರು ಹೋಗುತ್ತ ಬರುತ್ತ, “ಯಾಕ ಸಾಬವ್ವ, ಹೊರಗ ಹಾಸ್ಕೊಂಡೀದಿ?” ಎಂದು ಕೇಳಿದರೆ, “ಒಳಗ ಶೆಕಿ” ಅನ್ನುತ್ತಿದ್ದರು. ನಾನು ಕಿಟಕಿಯ ಪಕ್ಕ ನೆಟ್ಟಗೆ ಕೂತು ಗೆರೆ ಎಳೆಯುತ್ತಿದ್ದೆ. ಕುತ್ತಿಗೆ ದಿನದಿನಕ್ಕೆ ಸಡಿಲವಾಗುತ್ತಿತ್ತು. ಕಣ್ಣೆತ್ತಿದರೆ ಅತ್ತೆಯ ಬೆನ್ನು.

ಹಾಗೆ ಕಣ್ಣೆತ್ತಿದ ಒಂದು ಮಧ್ಯಾಹ್ನ ಅದನ್ನು ನೋಡಿದೆ. ಮಳೆ ಬಿಡುವು ಕೊಟ್ಟು ಬಿಸಿಲು ಚುರುಗುಡುತ್ತಿತ್ತು. ಅತ್ತೆ ಎರಡೂ ಕೈಯಿಂದ ಕಂಬ ಹಿಡಿದು, ಒಂದೆರಡು ಸಲ ಸೋತು, ಎದ್ದು ನಿಂತರು. ನಳದ ಕಡೆ ಹೊರಟರು. ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿಯಿತು. ಅವರು ನಿಲ್ಲಲಿಲ್ಲ. ಬರಿಗಾಲು ಇಡಲಾಗದಂತೆ ಕಾದಿದ್ದ ಹಾಸುಗಲ್ಲಿನ ಮೇಲೆ ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ನಿಧಾನವಾಗಿ ನಡೆದೇ ಹೋದರು.

ಚಪ್ಪಲಿ ಎತ್ತಿಕೊಂಡು ಓಡಿದೆ. “ಅತ್ತಿ, ಚಪ್ಪಲಿ ಉಳೀತು.”

ಅವರು ಬಗ್ಗಿ ತಮ್ಮ ಪಾದವನ್ನು ಬೇರೆ ಯಾರದೋ ಎಂಬಂತೆ ನೋಡಿದರು. ಬೇಳೆ ಬಿದ್ದ ಕಲೆ ಅದರ ಮೇಲೆ ಇನ್ನೂ ಕೆಂಪಗಿತ್ತು.

“ಅತ್ತಿ, ಅವತ್ತ ಬ್ಯಾಳಿ ಬಿದ್ದಾಗ ನಿಮಗ ಸುಟ್ಟಿದ್ದು ಗೊತ್ತಾಗಿತ್ತೇನ್ರಿ?”

ಅವರು ಅಲ್ಲಿದ್ದ ಕೊಡವನ್ನು ನಳದ ಕೆಳಗೆ ಸರಿಸಿ ನಳ ಬಿಟ್ಟರು. ನಳದಿಂದ ಕೊಡಕ್ಕೆ ನೀರು ಬೀಳುತ್ತಿತ್ತು.

“ಇಲ್ಲ” ಅಂದರು.

“ಯಾವಾಗಿಂದ್ರಿ?”

“ಹೋದ ಸುಗ್ಗಿಯಿಂದ ಕಾಲು ನನ್ನವಲ್ಲ ಅನಸ್ತಾವ. ಕೈಯಾಗ ಸೂಜಿ ನಿಲ್ಲಲ್ದು, ಕುಬಸದ ಗುಂಡಿ ಹಾಕ್ಲಾಕ ಬರಲ್ದು. ನಿನ್ನ ಕೈ ನೋಡಿದಾಗ ನನ್ನಂಗೇ ಆಗ್ಯಾದಲ್ಲ ಅಂತ ತಿಳೀತು.”

“ಯಾಕ ಹೇಳಲಿಲ್ರಿ?”

“ಒಬ್ಬಾಕಿಗೆ ಕೈ ಇಲ್ಲ, ಇನ್ನೊಬ್ಬಾಕಿಗೆ ಕಾಲಿಲ್ಲ ಅಂದ್ರ ಅಂವ ಯಾರನ್ನ ನೋಡ್ಬೇಕು?” ಆಮೇಲೆ ಕಿಟಕಿಯ ಕಡೆ ಮುಖ ಮಾಡಿ, “ಆ ಸರಳು ಹಿಡಕೊಂಡು ಏಳ್ತಿದ್ದೆ ರೇಣವ್ವ. ಅದಕ್ಕ ನನಗ ಆ ಜಾಗಾ ಬೇಕಿತ್ತು” ಅಂದರು.

ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು. ಇಬ್ಬರೂ ನಳ ಬಂದ್ ಮಾಡಲಿಲ್ಲ.

ಫರ್ಹಾನಾ ಅವರಿಗೆ ಫೋನ್ ಮಾಡಿ ಹೇಳಿದೆ. ಅವರ ದನಿ ಬದಲಾಯಿತು. “ಇದು ನಿಮ್ಮಂಥಾದ್ದಲ್ಲ. ನಾ ಕೈ ಹಚ್ಚಂಗಿಲ್ಲ. ಸೀದಾ ಕಲಬುರಗಿಗೆ ಕರಕೊಂಡು ಹೋಗ್ರಿ. ತಡಾ ಮಾಡಬ್ಯಾಡ್ರಿ” ಅಂದರು. ಹೋದೆವು. ಸ್ಕ್ಯಾನ್ ಆಯಿತು. ಗೋಣಿನ ಎಲುಬಿನೊಳಗೆ ಹಾದುಹೋಗುವ ನರದ ಹುರಿಯೇ ಒತ್ತಿಹೋಗಿದೆ, ಹೀಗೇ ಬಿಟ್ಟರೆ ಪೂರ್ತಿ ಮಲಗಿಬಿಡುತ್ತಾರೆ, ಆಪರೇಷನ್ ಬೇಗ ಆಗಬೇಕು ಅಂದರು ಡಾಕ್ಟರು. ಮೊದಲು ತಲೆಯ ಮೇಲೆ ಭಾರ ಹೊರುತ್ತಿದ್ದಿರಾ ಎಂದು ಕೇಳಿದರು.

“ಕಾಲುವಿ ಕಡಿವಾಗ ಮಣ್ಣು ಹೊತ್ತೀನ್ರಿ” ಅಂದರು ಅತ್ತೆ. “ಇಂವ ಹೊಟ್ಟ್ಯಾಗಿದ್ದಾಗೂ ಹೊತ್ತೀನಿ.”

ಶರಣು ತಲೆ ತಗ್ಗಿಸಿದರು. ಈ ಮಾತು ಅವರಿಗೂ ಹೊಸದು. ಅದರಿಂದಲೇ ಹೀಗಾಯಿತೆಂದು ಹೇಳಲಾಗದು, ವಯಸ್ಸಿಗೂ ಎಲುಬು ಸವೆಯುತ್ತವೆ ಅಂದರು ಡಾಕ್ಟರು.

ಆದರೆ ಅತ್ತೆ ಆಪರೇಷನ್ ಒಲ್ಲೆ ಅಂದುಬಿಟ್ಟರು. ಗೋಣಿಗೆ ಕತ್ತಿ ಹಚ್ಚಿದರೆ ಉಳಿಯುವುದಿಲ್ಲ, ಉಳಿದರೂ ಮಾತು ಹೋಗುತ್ತದೆ ಎಂದು ಯಾರೋ ಹೇಳಿದ್ದರು. ಶರಣು ಬೇಡಿಕೊಂಡರು, ಸಿಟ್ಟಾದರು, ಅಂಗಡಿಗೆ ಹೋಗದೆ ಕೂತರು. ಅತ್ತೆ ಅಲುಗಲಿಲ್ಲ. ಅವರ ಹೆಜ್ಜೆ ದಿನದಿನಕ್ಕೆ ಕೆಡುತ್ತಿತ್ತು. ಈಗ ಗೋಡೆ ಹಿಡಿದೇ ನಡೆಯುತ್ತಿದ್ದರು. ಇತ್ತ ಪಾಟೀಲ ಸರ್ ಫೋನ್ ಮೇಲೆ ಫೋನ್. ಜಲಾಶಯಕ್ಕೆ ನೀರು ಬರುತ್ತಿದೆ, ಯಾವಾಗ ಬೇಕಾದರೂ ಗೇಟು ಎತ್ತುತ್ತಾರೆ ಅಂದರು.

ಸ್ಕ್ಯಾನಿನ ಚಿತ್ರಗಳನ್ನು ಆಸ್ಪತ್ರೆಯವರು ಫೋನಿಗೂ ಕಳಿಸಿದ್ದರು. ಒಂದು ಬೆಳಗ್ಗೆ ಅವನ್ನು ದೊಡ್ಡ ಪರದೆಯ ಮೇಲೆ ತೆರೆದೆ. “ಅತ್ತಿ, ಒಮ್ಮಿ ಇಲ್ಲಿ ಬರ್ರಿ” ಎಂದು ನನ್ನ ಕುರ್ಚಿಯಲ್ಲಿ ಕೂಡಿಸಿದೆ. ಬೆನ್ನಿಗೆ ಆಸರೆ ಸಿಕ್ಕದ್ದಕ್ಕೋ ಏನೋ, ಅವರ ಮುಖ ಒಂದು ಕ್ಷಣ ಸಡಿಲವಾಯಿತು.

“ಇದು ಯಾರದು?”

“ನಿಮ್ದೇ ಗೋಣು. ಇದು ಎಲುಬು. ಈ ಬೆಳ್ಳಗ ಕಾಣೋದು ನೀರಿದ್ದಂಗ, ನಡುವ ಹುರಿ ಹೋಗ್ಯಾದ. ಇಲ್ಲಿತನಾ ಸರಿ ಅದ. ಇಲ್ಲಿ ನೋಡ್ರಿ.”

ಅವರು ಮುಂದಕ್ಕೆ ಬಗ್ಗಲು ಹೋದರು. “ಬಗ್ಗಬ್ಯಾಡ್ರಿ, ನಾನೇ ದೊಡ್ಡದು ಮಾಡ್ತೀನಿ” ಎಂದು ಆ ಭಾಗವನ್ನು ಹಿಗ್ಗಿಸಿದೆ. ಬಿಳಿ ಪಟ್ಟಿ ಅಲ್ಲಿ ಸಣ್ಣಗಾಗಿ, ಸಣ್ಣಗಾಗಿ, ಕಡಿದೇಹೋದಂತೆ ಕಾಣುತ್ತಿತ್ತು.

ಅತ್ತೆ ಬಹಳ ಹೊತ್ತು ನೋಡಿದರು. “ಹೂಳು ತುಂಬ್ಯಾದ” ಅಂದರು.

“ಹೌದ್ರಿ.”

“ಅದನ್ನಷ್ಟೇ ತೆಗೀತಾರ?”

“ಅಷ್ಟೇ ತೆಗೀತಾರ್ರಿ. ಹೆದರಿಕಿ ಇಲ್ಲಂತ ನಾ ಹೇಳಂಗಿಲ್ಲ. ಬಿಟ್ರ ಏನಾಗ್ತದಂತ ನಿಮಗೇ ಗೊತ್ತದ.”

ಅತ್ತೆ ಪರದೆಯಿಂದ ಕಣ್ಣು ತೆಗೆಯದೆ, “ನೀ ಬರ್ತಿದ್ರ ಬರ್ತೀನಿ” ಅಂದರು. “ಶರಣು ಬ್ಯಾಡ. ಅಂವ ಅಳ್ತಾನ.”

ಆಪರೇಷನ್ನಿಗೆ ಕೊಟ್ಟ ದಿನ ನಕಾಶೆ ಒಪ್ಪಿಸಬೇಕಾದ ದಿನಗಳಲ್ಲೇ ಬಂತು. ಉಳಿದ ಹೊತ್ತಿನಲ್ಲಿ ಎಷ್ಟಾಗುತ್ತದೋ ಅಷ್ಟು ಮಾಡಿದೆ. ಅತ್ತೆ ಈಗ ಒಳಗೆ ಬಂದಿದ್ದರು. ಮೇಜು ಸ್ವಲ್ಪ ಈಚೆ ಸರಿಸಿ, ಮಂಚದ ತಲೆಭಾಗ ಸರಳಿಗೆ ಸಿಗುವಂತೆ ಶರಣು ಅಡ್ಡ ಹಾಕಿದ್ದರು. ನಾನು ಬಹಳ ಹೊತ್ತು ಕೂತರೆ ಹಿಂದಿನಿಂದ, “ಏಳು, ನಾಕು ಹೆಜ್ಜಿ ಹಾಕು” ಎಂದು ದನಿ ಬರುತ್ತಿತ್ತು. ಎದ್ದು ಬಂದಾಗ ಪರದೆಯ ನೀಲಿ ಗೆರೆಗಳನ್ನು ನೋಡುತ್ತಿರುತ್ತಿದ್ದರು.

ಮುಖ್ಯ ಕಾಲುವೆ ಮುಗಿಯಿತು, ಉಪಕಾಲುವೆಗಳು ಮುಗಿದವು. ಕೊನೆಯ ಒಂದು ಭಾಗ, ವಡಗೇರಾ ಕಡೆಯದು, ಉಳಿದೇ ಹೋಯಿತು. ಪಾಟೀಲ ಸರ್‌ಗೆ ಫೋನ್ ಮಾಡಿದೆ.

“ಸರ್, ಅಷ್ಟು ಭಾಗ ಬ್ಯಾರೇದವರಿಗೆ ಕೊಡ್ರಿ. ನನ್ನ ಕಡಿಂದ ಆಗಲ್ಲ.”

“ಪೂರಾ ಮುಗಸ್ತೀನಂತ ಹೇಳಿದ್ದೆವ್ವ ನೀನು. ಹ್ವಾದ ತಿಂಗಳೇ ಹೇಳಿದ್ರ ಆಗ್ತಿತ್ತು. ಮುಂದ ಕೆಲಸಾ ಕೊಡೋದು ನೋಡೋಣು.”

“ಆತ್ರಿ” ಅಂದು ಇಟ್ಟೆ. ಕೆಲಸ ಹೋಯಿತೆಂದು ಗೊತ್ತಾಯಿತು. ಆದರೆ ಯಾವುದನ್ನು ಬಿಡಬೇಕೆಂಬ ಗೊಂದಲ ಆಗ ನನಗಿರಲಿಲ್ಲ.

ಆಪರೇಷನ್ ಖೋಲಿಯ ಹೊರಗೆ ಒಂದು ಉದ್ದ ಬೆಂಚು. ಅತ್ತೆ ಬೇಡವೆಂದರೂ ಶರಣು ಬಂದಿದ್ದರು, ಮೆಟ್ಟಿಲ ಹತ್ತಿರ ಅವರಿಗೆ ಕಾಣದಂತೆ ನಿಂತಿದ್ದರು. ಸ್ಟ್ರೆಚರ್ ಒಳಗೆ ಹೋಗುವಾಗ ಅತ್ತೆ ನನ್ನ ಕೈ ಹಿಡಿದಿದ್ದರು. ಅವರ ಬೆರಳಿಗೆ ನನ್ನ ಹಿಡಿತ ಗೊತ್ತಾಗುತ್ತಿತ್ತೋ ಇಲ್ಲವೋ, ನನ್ನ ಕಿರುಬೆರಳಿಗೂ ಅವರದು ಅರ್ಧ ಮಾತ್ರ ಗೊತ್ತಾಗುತ್ತಿತ್ತು. ಬಾಗಿಲು ಮುಚ್ಚಿತು. ಮಧ್ಯಾಹ್ನವಾಯಿತು. ನಮ್ಮ ನಂತರ ಬಂದವರ ಹೆಸರು ಕೂಗಿದರು, ನಮ್ಮದಿಲ್ಲ. ಆ ಚಿತ್ರ ತೋರಿಸಿ ಒಪ್ಪಿಸಿದವಳು ನಾನು. ಏನಾದರೂ ಹೆಚ್ಚುಕಡಿಮೆಯಾದರೆ ಶರಣುವಿನ ಮುಖ ಹೇಗೆ ನೋಡಲಿ? ಅವರೂ ಅದನ್ನೇ ಯೋಚಿಸುತ್ತಿದ್ದರೇನೋ, ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.

ಸಂಜೆ ಒಬ್ಬರನ್ನೇ ಒಳಗೆ ಬಿಟ್ಟರು. ಅತ್ತೆಯ ಕೊರಳ ಸುತ್ತ ಪಟ್ಟಿ, ಕಣ್ಣು ಅರ್ಧ ತೆರೆದಿತ್ತು. ಡಾಕ್ಟರು, “ಕಾಲ್ಬೆರಳು ಆಡಸ್ರಿ ಅವ್ವ” ಅಂದರು. ಹೊದಿಕೆ ಅಲುಗಲಿಲ್ಲ. ಮತ್ತೊಮ್ಮೆ ಅಂದರು. ಎಡಗಾಲಿನ ಹೆಬ್ಬೆರಳು ಸ್ವಲ್ಪ ಎದ್ದಿತು, ಆಮೇಲೆ ಬಲಗಾಲಿನದು. ಅತ್ತೆ ತುಟಿ ಆಡಿಸಿದರು. ಬಗ್ಗಿ ಕಿವಿ ಕೊಟ್ಟೆ. “ಮಾತು ಹೋಗಿಲ್ಲ” ಅಂದರು.

ಹೊರಗೆ ಬಂದು ಶರಣುವಿಗೆ ಹೇಳಿದೆ. ಅತ್ತೆ ಹೇಳಿದ್ದು ಸರಿಯಾಗಿತ್ತು, ಅವರು ಅತ್ತರು.

ನಾವು ಆಸ್ಪತ್ರೆಯಲ್ಲಿದ್ದಾಗಲೇ ಕಾಲುವೆಗೆ ನೀರು ಬಿಟ್ಟರು. ಬಟ್ಟೆ ತರಲು ಊರಿಗೆ ಹೋದ ಶರಣು ಕಾಲುವೆಯ ಸೇತುವೆ ಮೇಲೆ ನಿಂತು ಫೋನ್ ಮಾಡಿದರು. ಅತ್ತೆಯ ಕಿವಿಗೆ ಫೋನ್ ಹಿಡಿದೆ. ನೀರಿನ ಸದ್ದು ನನಗೂ ಕೇಳುತ್ತಿತ್ತು.

ಎಲ್ಲ ಮೊದಲಿನಂತಾಯಿತು ಎಂದು ಹೇಳಲಾರೆ. ಅತ್ತೆಯ ನಡಿಗೆ ಸುಧಾರಿಸಿತು, ಆದರೆ ಕೈಗೆ ಹಳೆಯ ಹಿಡಿತ ಬರಲಿಲ್ಲ. ರೊಟ್ಟಿ ಬಡಿಯುವುದು ಅಲ್ಲಿಗೆ ನಿಂತಿತು. ನನ್ನ ಉಂಗುರಬೆರಳು ಸರಿಹೋಯಿತು, ಕಿರುಬೆರಳು ಚಳಿಗಾಲದಲ್ಲಿ ಈಗಲೂ ಮಂಕಾಗುತ್ತದೆ. ಆಸ್ಪತ್ರೆಯಿಂದ ಬಿಡುವಾಗ, ನೆಲದ ಮೇಲೆ ಕೂಡಿಸಬೇಡಿ, ಗೋಣು ಬಗ್ಗಿಸುವಂತಿಲ್ಲ, ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಕು ಅಂದಿದ್ದರು. ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ, ಮೇಜಿನ ಮುಂದಿನದು. ನನಗೂ ಕೆಲಸವಿರಲಿಲ್ಲ. ಬೆಳಗಾದರೆ ಅತ್ತೆ ಅದರಲ್ಲಿ ಕೂತು, ಪಾದ ಮಣೆಯ ಮೇಲಿಟ್ಟು, ಕಿಟಕಿಯಿಂದ ಓಣಿ ನೋಡುತ್ತಿದ್ದರು. ಮಾನಿಟರಿನ ಮೇಲೆ ಬಟ್ಟೆ ಹೊದಿಸಿಟ್ಟಿದ್ದೆ.

ಹಿಂಗಾರಿಯ ಬಿತ್ತನೆ ಶುರುವಾಗಿದ್ದಾಗ ಪಾಟೀಲ ಸರ್ ಫೋನ್ ಬಂತು. ನಾನು ಹಿಟ್ಟು ನಾದುತ್ತಿದ್ದೆ, ಸ್ಪೀಕರ್ ಹಾಕಿದೆ. ನಾನು ಕೊಟ್ಟ ಭಾಗದಲ್ಲಿ ತಪ್ಪು ಬಂದಿಲ್ಲವೆಂದು ಹೇಳಿದರು. ಹೊಸ ಕೆಲಸ ಬಂದಿದೆ, ಆದರೆ ದೊಡ್ಡದು ಅಂದರು.

“ಆಗಿನಂಗ ನಡುವ ಕೈ ಬಿಡಬಾರದು ನೋಡವ್ವ. ಮನ್ಯಾಗ ಕೂತು ಮಾಡಾಕ ನಿನಗ ಸರಿಯಾದ ಜಾಗಾ ಅದ ಏನು? ಇಲ್ಲಂದ್ರ ಕಲಬುರಗಿ ಆಫೀಸಿಗೆ ಬರಬೇಕಾಗ್ತದ.”

ನಾನು ಹೊರಗಿನ ಖೋಲಿಯ ಕಡೆ ನೋಡಿದೆ. ಅತ್ತೆ ಕುರ್ಚಿಯಲ್ಲಿದ್ದರು. ಕೊರಳಪಟ್ಟಿಯಿಂದಾಗಿ ತಲೆ ತಿರುಗಿಸಲಾಗದೆ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿದರು.

“ಜಾಗಾ ಅದ ಅಂತ ಹೇಳು” ಅಂದರು. ಮೇಜಿನ ಅಂಚಿಗೆ ಎರಡೂ ಕೈ ಊರಿ, ಯಾರ ಆಸರೆಯೂ ಇಲ್ಲದೆ ಎದ್ದು ನಿಂತರು.